ಬೆಳಿಗ್ಗೆ ಹೋಗಿ ರಾತ್ರಿಗೆ ಬರುವವರು

ಶಿವಮೊಗ್ಗದ ನವುಲೆಯಲ್ಲಿ ಬೆಳಗಿನ ನಾಲ್ಕೂವರೆಗೆ ಯಾರ ಮನೆಯ ಅಡುಗೆಕೋಣೆಯಲ್ಲಿ ದೀಪ ಉರಿಯುತ್ತಿದೆಯೋ ಆ ಮನೆಯವರೊಬ್ಬರು ಅವತ್ತು ಬೆಂಗಳೂರಿಗೆ ಹೊರಟಿದ್ದಾರೆ ಎಂದೇ ಲೆಕ್ಕ. ಕಾರ್ತಿಕದ ಚಳಿ. ಕೆರೆಯ ಕಡೆಯಿಂದ ಎದ್ದ ಮಂಜು ಕ್ರಿಕೆಟ್ ಸ್ಟೇಡಿಯಮ್ಮಿನ ಕಾಂಪೌಂಡು ದಾಟಿ ಸವಳಂಗ ರಸ್ತೆಯವರೆಗೂ ಬಂದಿರುತ್ತದೆ. ಕೃಷಿ ಕಾಲೇಜಿನ ಮರಗಳು ಇನ್ನೂ ಕತ್ತಲೆಯ ಭಾಗವೇ. ಎಂಜಿನಿಯರಿಂಗ್ ಕಾಲೇಜಿನ ಎದುರಿನ ಅಂಗಡಿಗಳ ಶಟರ್ ಕೆಳಗೆ ನಾಯಿಗಳು ಮುದುಡಿ ಮಲಗಿವೆ. ರಸ್ತೆಯಲ್ಲಿ ಹಾಲಿನ ವ್ಯಾನು ಬಿಟ್ಟರೆ ಓಡಾಡುವುದು ಆಟೋಗಳು ಮಾತ್ರ. ಆ ಹೊತ್ತಿನಲ್ಲಿ ಆಟೋದವರು ಎಲ್ಲಿಗೆ ಎಂದು ಕೇಳುವುದಿಲ್ಲ. 'ಜನಶತಾಬ್ದೀನಾ?' ಎನ್ನುತ್ತಾರೆ, ನಾವು ತಲೆಯಾಡಿಸುವುದರೊಳಗೆ ಗೇರು ಬಿದ್ದಿರುತ್ತದೆ.

ಟೌನ್ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ಮಾತ್ರ ಬೆಳಗಾಗಿ ಎಷ್ಟೋ ಹೊತ್ತಾಗಿದೆ. ಟ್ಯೂಬ್‌ಲೈಟಿನ ಕೆಳಗೆ ಸ್ವೆಟರು, ಮಫ್ಲರು, ಮಂಕಿ ಕ್ಯಾಪು. ಟೀ ಅಂಗಡಿಯ ಮುಂದೆ ಉಸಿರಿನ ಹಬೆಗೂ ಲೋಟದ ಹಬೆಗೂ ವ್ಯತ್ಯಾಸವಿಲ್ಲ. ಬಸ್‌ಸ್ಟ್ಯಾಂಡಿನ ಜನಕ್ಕೂ ಈ ಜನಕ್ಕೂ ಒಂದು ಭೇದವಿದೆ, ಅದನ್ನು ತಿಳಿಯಲು ಕಾಲ ಬಳಿ ನೋಡಬೇಕು. ರಾತ್ರಿ ಬಸ್ಸಿಗೆ ಹೊರಟವರ ಪಕ್ಕದಲ್ಲಿ ಸೂಟ್‌ಕೇಸು, ಏರ್‌ಬ್ಯಾಗು, ಬಾಯಿ ಹೊಲಿದ ಚೀಲ ಇರುತ್ತವೆ. ಈ ಗಾಡಿಯವರದ್ದು ಕೈಯಲ್ಲೇ ಮುಗಿಯುತ್ತದೆ: ಒಂದು ಫೈಲು, ಒಂದು ಎಕ್ಸ್‌ರೇ ಕವರು, ಒಂದು ಊಟದ ಡಬ್ಬಿ. ಇವರಾರೂ ಬೆಂಗಳೂರಿನಲ್ಲಿ ಉಳಿಯುವವರಲ್ಲ. ಐದು ದಾಟಿದ ಮೇಲೆ ಇಲ್ಲಿಂದ ಹೊರಡುವ ಗಾಡಿ ಹತ್ತರೊಳಗೆ ಅಲ್ಲಿ ಬಿಡುತ್ತದೆ. ಸಂಜೆ ಐದೂವರೆಗೆ ಅಲ್ಲಿಂದ ಹೊರಟರೆ ರಾತ್ರಿ ಮಲಗುವ ಹೊತ್ತಿಗೆ ಮನೆ. ನಡುವೆ ಸಿಗುವ ಏಳೆಂಟು ಗಂಟೆಯಷ್ಟೇ ಇವರ ಪಾಲಿನ ರಾಜಧಾನಿ.

ಹಿಂದೆ ಹೀಗಿರಲಿಲ್ಲ. ಬೆಂಗಳೂರಿಗೆ ಹೋಗುವುದೆಂದರೆ ರಾತ್ರಿ ಪ್ರಯಾಣ, ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಕಣ್ಣುಜ್ಜಿಕೊಳ್ಳುವುದು, ಆಮೇಲೆ ರಾಜಾಜಿನಗರದಲ್ಲೋ ಮಲ್ಲೇಶ್ವರದಲ್ಲೋ ಚಿಕ್ಕಪ್ಪನೋ ದೊಡ್ಡಮ್ಮನೋ ಇದ್ದೇ ಇರಬೇಕಾದದ್ದು. ಅವರಿಗೆಂದು ಗೊನೆ ಬಾಳೆಹಣ್ಣು, ಒಂದು ಡಬ್ಬಿ ಅಪ್ಪೆಮಿಡಿ, ಹಲಸಿನ ಹಪ್ಪಳ. ಅವರ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಎರಡು ರಾತ್ರಿ. ಕೆಲಸವಾಗದಿದ್ದರೆ ಮೂರು. ಮೂರನೆಯ ರಾತ್ರಿ ಆ ಮನೆಯವರ ಮುಖದಲ್ಲಿ ಏನೂ ಕಾಣದಿದ್ದರೂ ಪಾತ್ರೆ ಸದ್ದಿನಲ್ಲಿ ಏನೋ ಕೇಳುತ್ತಿತ್ತು. ಈಗ ಆ ಮುಜುಗರವಿಲ್ಲ. ಚಿಕ್ಕಪ್ಪನ ಮಕ್ಕಳು ಎಲ್ಲಿದ್ದಾರೆ ಎಂಬುದೂ ನಮಗೆ ಸರಿಯಾಗಿ ಗೊತ್ತಿಲ್ಲ. ಲಾಭ ಯಾವುದು ನಷ್ಟ ಯಾವುದು ಎಂದು ಕೇಳಿದರೆ ನಾನು ಲಾಭವೆಂದೇ ಹೇಳಿಯೇನು. ಆದರೆ ಹೇಳುವ ಮೊದಲು ಸ್ವಲ್ಪ ತಡೆಯುತ್ತೇನೆ.

ಅವತ್ತು ನಾನೂ ಹತ್ತಿದ್ದ ಗಾಡಿ ಸದ್ದಿಲ್ಲದೆ ಹೊರಟಿತು. ಮೇಲೆ ವಿದ್ಯುತ್ ತಂತಿ ಬಂದಮೇಲೆ ಡೀಸೆಲ್ ಎಂಜಿನ್ನಿನ ಗುಡುಗಿಲ್ಲ, ಹೊಗೆಯಿಲ್ಲ. ಹೊರಟದ್ದು ತಿಳಿಯುವುದು ತುಂಗೆಯ ಸೇತುವೆಯ ಮೇಲೆ ಚಕ್ರದ ದನಿ ಬದಲಾದಾಗಲೇ. ಕಿಟಕಿಗೆ ಹಣೆ ಒತ್ತಿದರೂ ಹೊಳೆ ಕಾಣದು. ದೂರದ ರಸ್ತೆ ಸೇತುವೆಯ ದೀಪದ ಸಾಲು ಕೆಳಗೊಮ್ಮೆ ನಡುಗಿದ್ದರಿಂದ ನೀರಿದೆ ಎಂದು ಗೊತ್ತು.

ಮೂರು ಜನದ ಸೀಟು. ಕಿಟಕಿ ಬದಿಗೆ ಅರವತ್ತು ದಾಟಿದ ಒಬ್ಬರು: ಬಿಳಿ ಪಂಚೆ, ಕಂದು ಸ್ವೆಟರು, ತೊಡೆಯ ಮೇಲೆ ಬಟ್ಟೆಯಂಗಡಿಯ ಹಳೆಯ ಕೈಚೀಲ. ಎದುರು ಸೀಟಿನಲ್ಲಿ ಒಬ್ಬ ತಾಯಿ, ಮಗ, ಅವರ ನಡುವೆ ದೊಡ್ಡ ಪ್ಲಾಸ್ಟಿಕ್ ಕವರು. ಮೆಗ್ಗಾನ್ ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟಿದ್ದಾರೆ, ಜಯದೇವಕ್ಕೆ ಹೋಗಿ ತೋರಿಸಿಕೊಂಡು ಬನ್ನಿ ಎಂದು. ಆ ಸಾಲಿನ ತುದಿಗೆ ಒಬ್ಬರು ಗೃಹಿಣಿ. ಅವರ ಕೈಯಲ್ಲಿ ಮಾತ್ರ ಈ ಗಾಡಿಯ ರೂಢಿಗೆ ಹೊಂದದ ವಸ್ತು: ಒದ್ದೆ ಬಟ್ಟೆಯಲ್ಲಿ ಬುಡ ಸುತ್ತಿದ ನೆಲ್ಲಿಯ ಟೊಂಗೆ, ಕಾಯಿ ಸಮೇತ. ಬರುವ ದ್ವಾದಶಿಗೆ ತುಳಸಿ ಪೂಜೆ. ವಿಜಯನಗರದ ಮಗಳ ಮನೆಯಲ್ಲಿ ತುಳಸಿಕಟ್ಟೆ ಬಾಲ್ಕನಿಯ ಕುಂಡದಲ್ಲಿದೆ. ಪಕ್ಕಕ್ಕೆ ನೆಡಲು ನೆಲ್ಲಿ ಬೇಕು. 'ಅಲ್ಲೂ ಸಿಗುತ್ತೆ ಕಣ್ರೀ, ಒಂದು ಕಡ್ಡಿಗೆ ಇಪ್ಪತ್ತು ರೂಪಾಯಿ, ಅದರಲ್ಲಿ ಕಾಯೇ ಇರಲ್ಲ' ಎಂದರು. ಟೊಂಗೆಯನ್ನು ಮೇಲಿನ ರ‍್ಯಾಕಿನಲ್ಲಿ ಇಡಲು ಒಪ್ಪದೆ, ಕೂಸನ್ನು ಹಿಡಿದವರಂತೆ ಎದೆಗಾನಿಸಿಕೊಂಡೇ ಕೂತರು. ಪ್ರತಿ ಸ್ಟೇಷನ್ನಿನಲ್ಲಿ ಯಾರಾದರೂ ಹಾದು ಹೋಗುವಾಗ ಎರಡು ಎಲೆ ಉದುರುತ್ತಿದ್ದವು. ಅವರು ಅದನ್ನು ಹೆಕ್ಕಿ ಪರ್ಸಿನೊಳಗೆ ಹಾಕಿಕೊಳ್ಳುತ್ತಿದ್ದರು.

ಭದ್ರಾವತಿಗೆ ಇನ್ನೂ ಕತ್ತಲು. ಇಲ್ಲಿ ಇಳಿಯುವವರಿಲ್ಲ, ಹತ್ತುವವರೇ. ಕನ್ನಡ, ತಮಿಳು, ತೆಲುಗು, ಉರ್ದು ಒಟ್ಟಿಗೇ ಬಾಗಿಲಲ್ಲಿ ನುಗ್ಗುತ್ತವೆ. ಕಾರ್ಖಾನೆಗೆಂದು ನಾನಾ ಕಡೆಯಿಂದ ಬಂದು ನಿಂತವರ ಮಕ್ಕಳು, ಮೊಮ್ಮಕ್ಕಳು. ಬೆಂಕಿಪುರ ಎಂದಿದ್ದ ಊರು ಭದ್ರಾವತಿಯಾಗಿ, ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಕೆಲಸ ಶುರು ಮಾಡಿತು. ಕಲ್ಲಿದ್ದಲು ಇಲ್ಲದ ನಾಡಿನಲ್ಲಿ ವಿಶ್ವೇಶ್ವರಯ್ಯನವರ ಹಟಕ್ಕೆ ಕಾಡಿನ ಸೌದೆಯೇ ಇದ್ದಿಲಾಯಿತು, ಕೆಮ್ಮಣ್ಣುಗುಂಡಿಯ ಗುಡ್ಡ ಅದಿರಾಯಿತು. 1936ರಲ್ಲಿ ಕಾಗದ ಕಾರ್ಖಾನೆ ಹುಟ್ಟಿತು. ಒಂದು ಕಡೆ ನ್ಯೂಟೌನ್, ಇನ್ನೊಂದು ಕಡೆ ಪೇಪರ್‌ಟೌನ್, ನಡುವೆ ಭದ್ರೆ. ರಾಜಧಾನಿಯ ಕಡೆ ತಿರುಗಿ ನೋಡದೆಯೇ ಸಂಬಳ ಎಣಿಸಿದ ಊರು ಇದು. ಬೆಂಗಳೂರಿನಿಂದಲೇ ಇಲ್ಲಿಗೆ ಕೆಲಸ ಹುಡುಕಿಕೊಂಡು ಬರುತ್ತಿದ್ದ ಕಾಲವಿತ್ತು ಎಂದರೆ ಈಗಿನ ಹುಡುಗರು ನಗುತ್ತಾರೆ. ಕಾಗದದ ಗಿರಣಿ ನಿಂತು ಹತ್ತು ವರ್ಷದ ಆಚೆಯಾಯಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದದ್ದು 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬಿದ ತಿಂಗಳಲ್ಲಿ. ಗುತ್ತಿಗೆ ಕಾರ್ಮಿಕರು ಪಟ್ಟು ಹಿಡಿದು ಕೂತರು, ಒಂದು ಭಾಗದ ಕೆಲಸ ಮತ್ತೆ ಶುರುವಾಯಿತು. ಬದುಕಿದೆಯೋ ಇಲ್ಲವೋ ಎಂದು ಕೇಳಿದರೆ ಭದ್ರಾವತಿಯವರು ಉತ್ತರ ಹೇಳುವ ಬದಲು ಗೇಟಿನ ಕಡೆ ನೋಡುತ್ತಾರೆ.

ಇಲ್ಲಿ ಹತ್ತಿದ ಇಬ್ಬರು ಹುಡುಗರು ನಮ್ಮ ಪಕ್ಕದ ಸಾಲಿಗೆ ಬಂದರು. ಐಟಿಐ ಮುಗಿಸಿದವರು. ಪೀಣ್ಯದಲ್ಲಿ ಸಂದರ್ಶನ. ಇಬ್ಬರದೂ ಇಸ್ತ್ರಿ ಮಾಡಿದ ಅಂಗಿ, ಮಡಿಕೆ ಮುರಿಯಬಾರದೆಂದು ಬೆನ್ನು ಸೀಟಿಗೆ ಒರಗಿಸದೆ ಕೂತಿದ್ದಾರೆ. ಒಬ್ಬನ ತಾತ ಫರ್ನೇಸಿನಲ್ಲಿ ಇದ್ದವರಂತೆ, ಅಪ್ಪ ಗುತ್ತಿಗೆಯಲ್ಲಂತೆ. ಅವನು ಅದನ್ನು ಹೇಳಿದ್ದು ದುಃಖದಿಂದಲ್ಲ, ವಿಳಾಸ ಹೇಳುವ ದನಿಯಲ್ಲಿ.

ತರೀಕೆರೆಗೆ ಮೂಡಣ ಸ್ವಲ್ಪ ತಿಳಿಯಾಯಿತು. ಹತ್ತಿದ ಸಂಸಾರವೊಂದರ ಜೊತೆ ಐದಾರು ವರ್ಷದ ಹುಡುಗಿ ಇದ್ದಳು. ಊರ ಹೆಸರು ಕೇಳಿದ್ದೇ ತಡ, ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳ ನಾಲಿಗೆ ತೊಡಕನ್ನು ಯಾರೋ ಅವಳಿಂದ ಹೇಳಿಸಲು ಹೊರಟರು. ಅವಳು ಒಂದೇ ಉಸಿರಿಗೆ ತಪ್ಪಿಲ್ಲದೆ ಹೇಳಿ ಮುಗಿಸಿ, 'ಈಗ ನೀವು ಹೇಳಿ' ಎಂದಳು. ಕೇಳಿದವರು ಎರಡನೆಯ ಕುರಿಗೇ ಮುಗ್ಗರಿಸಿದರು. ಬೋಗಿ ಪೂರ್ತಿ ಎಚ್ಚರಾದದ್ದು ಆ ನಗುವಿನಲ್ಲಿ.

ಬಲಗಡೆ ಬಾಬಾಬುಡನ್ ಸಾಲು ಮೋಡದಿಂದ ಅರ್ಧ ಹೊರಗೆ ಬಂದಿದೆ. ಈ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು. ಈಗ ಅದರ ಕುರುಹು ಹುಡುಕಬೇಕು. ನಾವು ಕೂತ ಹಳಿಯೂ ಮೊದಲು ಮೀಟರ್‌ಗೇಜೇ. ಬೀರೂರಿನಿಂದ ಶಿವಮೊಗ್ಗದವರೆಗಿನ ಅರವತ್ತು ಚಿಲ್ಲರೆ ಕಿಲೋಮೀಟರು ತೆರೆದದ್ದು 1899ರಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ. ಅಗಲವಾದದ್ದು 1990ರ ದಶಕದಲ್ಲಿ. ಶಿವಮೊಗ್ಗದಿಂದ ಆಚೆ ತಾಳಗುಪ್ಪದ ಹಳಿಗೆ ಇನ್ನೂ ತಡವಾಗಿ, 2011ರಲ್ಲಿ ಆ ಭಾಗ್ಯ ಬಂತು. ಅದಕ್ಕೆ ಮೊದಲು ಅಲ್ಲಿ ಬಸ್ಸಿನ ಮೈ, ರೈಲಿನ ಕಾಲು ಇದ್ದ ರೈಲುಬಸ್ಸು ಓಡುತ್ತಿತ್ತು. ಕೈ ತೋರಿಸಿದರೂ ನಿಲ್ಲುತ್ತದೆ ಎಂಬಷ್ಟು ಸಲುಗೆ ಅದರ ಬಗ್ಗೆ ಜನಕ್ಕೆ.

ಹಳಿಯ ಎರಡೂ ಬದಿ ಅಡಿಕೆ. ಮಲೆನಾಡಿನ ಕಣಿವೆಯ ಹಳೆಯ ತೋಟಗಳಲ್ಲ ಇವು. ನಿನ್ನೆ ಮೊನ್ನೆಯವರೆಗೆ ಗದ್ದೆಯಾಗಿದ್ದ ಬಯಲಿನಲ್ಲಿ ದಾರ ಹಿಡಿದು ನೆಟ್ಟ ಸಾಲುಗಳು. ಭದ್ರಾ ಕಾಲುವೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುತ್ತಿದ್ದ ನೆಲ. ಎಲ್ಲ ಬಿಟ್ಟು ಅಡಿಕೆ ಹಿಡಿದದ್ದಕ್ಕೆ ಕಾರಣ ಕೇಳಬೇಕಿಲ್ಲ. ಶಿವಮೊಗ್ಗದ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೋರ್ಡಿನ ಮೇಲೆ ಬರೆಯುವ ಅಂಕಿಯೇ ಈ ಸೀಮೆಯ ಪಂಚಾಂಗ. ಮದುವೆ, ಮನೆ, ಟ್ರ್ಯಾಕ್ಟರು, ಮಗನ ಬೆಂಗಳೂರಿನ ಕಾಲೇಜಿನ ಫೀಸು, ಎಲ್ಲಕ್ಕೂ ಮುಹೂರ್ತ ಅಲ್ಲಿಂದ. 1939ರಿಂದ ಇರುವ ಮ್ಯಾಮ್‌ಕೋಸ್‌ನಂಥ ಸಹಕಾರ ಸಂಘದ ಧಾರಣೆಯನ್ನು ಈ ಬೋಗಿಯಲ್ಲೇ ಕನಿಷ್ಠ ಹತ್ತು ಜನ ಮೊಬೈಲಿನಲ್ಲಿ ನೋಡಿರುತ್ತಾರೆ. ಭತ್ತ ಹೋಯಿತೆಂಬ ನನ್ನ ಕೊರಗು ಕಿಟಕಿಯಿಂದ ನೋಡಿ ಹೋಗುವವರ ಕೊರಗು. ನನಗೆ ತೋಟವಿಲ್ಲ.

ಬೀರೂರಿನಲ್ಲಿ ಹುಬ್ಬಳ್ಳಿ ಕಡೆಯ ಹಳಿ ಬಂದು ಕೂಡಿತು. ಸೂರ್ಯ ಕಂಡದ್ದೂ ಅಲ್ಲೇ. ಇಡ್ಲಿ, ವಡೆ, ಚಿತ್ರಾನ್ನ ಹತ್ತಿದವು. ಕಾಫಿಯವನದು ನಲ್ಲಿ ಇರುವ ಸ್ಟೀಲ್ ಡ್ರಮ್ಮು, ಸೊಂಟಕ್ಕೆ ಕಾಗದದ ಲೋಟಗಳ ಕಂಬ. ಅವನ ಕೆಲಸ ಹತ್ತಿರದಿಂದ ನೋಡುವಂಥದ್ದು. ಗಾಡಿ ಎಡಕ್ಕೆ ವಾಲಿದಾಗ ಅವನು ಬಲಗಾಲಿಗೆ ಭಾರ ಹಾಕುತ್ತಾನೆ, ಮೊಣಕಾಲನ್ನು ಸೀಟಿನ ಅಂಚಿಗೆ ಒತ್ತುತ್ತಾನೆ, ಎಡಗೈಯ ಬೆರಳುಗಳ ನಡುವೆ ನೋಟುಗಳನ್ನು ಹತ್ತು, ಇಪ್ಪತ್ತು, ಐವತ್ತು ಎಂದು ಬೇರೆ ಬೇರೆಯಾಗಿ ಮಡಚಿ ಸಿಕ್ಕಿಸಿಕೊಂಡಿದ್ದಾನೆ. ಅದೇ ಕೈಯಲ್ಲಿ ಲೋಟ, ಬಲಗೈಯಲ್ಲಿ ನಲ್ಲಿ. ಲೋಟದ ಮುಕ್ಕಾಲಿಗೆ ಕಾಫಿ ನಿಲ್ಲುತ್ತದೆ, ಅದರ ಮೇಲೆ ನೊರೆ. ತುಂಬಾ ಕೊಡಪ್ಪಾ ಎಂದರೆ, 'ಕಡೂರು ತಿರುವು ಬರ್ತಿದೆ ಸಾರ್, ಪ್ಯಾಂಟಿನ ಮೇಲೆ ಬೀಳುತ್ತೆ' ಎಂದ. ತಿರುವು ಬಂತೋ ಇಲ್ಲವೋ ನಾನು ಗಮನಿಸಲಿಲ್ಲ. ಆ ಮಾತಿಗೇ ಹತ್ತು ರೂಪಾಯಿ ಸಲ್ಲುತ್ತದೆ.

ಕಡೂರಿನಿಂದಾಚೆ ಬೇರೆಯೇ ಸೀಮೆ. ಬೆಟ್ಟದ ಮರೆಯಲ್ಲಿ ಮಳೆ ಸೋರಿಹೋಗಿ ಇತ್ತ ಬರುವಾಗ ಬರಿಗೈ. ಹಸಿರು ತೆಳುವಾಯಿತು, ಮಣ್ಣು ಕಾಣಿಸಿತು. ಬಾಣಾವರ, ಅರಸೀಕೆರೆ. ಕೆಂಪು ನೆಲದಲ್ಲಿ ರಾಗಿ ತೆನೆ ಬಾಗಿ ನಿಂತಿದೆ, ನಡುನಡುವೆ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳಿನ ಹಳದಿ ಹೂವು, ಅವರೆ. ಬೆಳೆಯನ್ನು ಹೀಗೆ ಬೆರೆಸಿ ಬಿತ್ತುವವರ ಕಣ್ಣಿನಲ್ಲಿ ನಮ್ಮ ಕಡೆಯ ಒಂದೇ ಬೆಳೆಯ ತೋಟ ಜೂಜಿನಂತೆ ಕಾಣುತ್ತಿರಬಹುದು. ಅರಸೀಕೆರೆಯಲ್ಲಿ ಹಾಸನದ ಕಡೆಯ ಹಳಿ ಕವಲೊಡೆಯುತ್ತದೆ. ಅಲ್ಲಿ ಗಾಡಿ ಕಾಲೂರುವ ಹೊತ್ತಿನಲ್ಲಿ ಪ್ಲಾಟ್‌ಫಾರಮ್ಮಿಗೆ ಇಳಿದು ಸೋಮಾರಿತನ ಬಿಡಿಸಿಕೊಳ್ಳುವವರೇ ಹೆಚ್ಚು. ಇಳಿದವರನ್ನು ಮನೆಯವರು ಕಿಟಕಿಯಿಂದ ಕರೆಯುತ್ತಲೇ ಇರುತ್ತಾರೆ.

ಇಡೀ ದಾರಿಯುದ್ದಕ್ಕೂ ಹಳಿಯ ಜೊತೆಗೆ ಒಂದು ರಸ್ತೆ ಬರುತ್ತದೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಬೆಂಗಳೂರು–ಹೊನ್ನಾವರದ ಹೆದ್ದಾರಿ. ಶಿವಮೊಗ್ಗದಲ್ಲಿ ಅದಕ್ಕೆ ಬಿ.ಎಚ್. ರೋಡ್. ಭದ್ರಾವತಿಯಲ್ಲಿ ಬಿ.ಎಚ್. ರೋಡ್. ಅರಸೀಕೆರೆ, ತಿಪಟೂರು, ತುಮಕೂರು, ಎಲ್ಲ ಊರಿನಲ್ಲೂ ಬಟ್ಟೆಯಂಗಡಿ, ಚಿನ್ನದಂಗಡಿ, ಹೋಟೆಲು ಇರುವ ಮುಖ್ಯ ಬೀದಿ ಬಿ.ಎಚ್. ರೋಡ್. ಬೆಂಗಳೂರಿಗೆ ಬಂದರೆ ಮಾತ್ರ ಅದು ತುಮಕೂರು ರೋಡ್. ರಾಜಧಾನಿಗೆ ಹೊನ್ನಾವರದವರೆಗೆ ಯೋಚಿಸುವಷ್ಟು ಪುರುಸೊತ್ತಿಲ್ಲ.

ತಿಪಟೂರು ಬರುವ ಮೊದಲೇ ತೆಂಗು ಶುರು. ಕೊಬ್ಬರಿಯ ಹರಾಜಿಗೆ ದೇಶವೇ ಕಿವಿಗೊಡುವ ಊರು. ಇಲ್ಲಿಯ ಮನೆಗಳ ಅಟ್ಟದ ಮೇಲೆ ಕಾಯಿ ತಿಂಗಳುಗಟ್ಟಲೆ ಮಲಗಿ, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಇಲ್ಲಿ ಹತ್ತಿದ ವ್ಯಾಪಾರಸ್ಥರು ಕೂತ ಐದು ನಿಮಿಷಕ್ಕೇ ನಮ್ಮ ಸಾಲಿನಲ್ಲಿದ್ದ ಅಡಿಕೆ ಮಂಡಿ ಗುಮಾಸ್ತರೊಬ್ಬರ ಜೊತೆ ಮಾತಿಗೆ ಬಿದ್ದರು. ಗುಮಾಸ್ತರು ಜಿಎಸ್‌ಟಿ ಕಾಗದದ ಕೆಲಸದ ಮೇಲೆ ಹೊರಟವರು. ಅಡಿಕೆ ಮತ್ತು ಕೊಬ್ಬರಿ ಪರಸ್ಪರ ಧಾರಣೆ ಕೇಳಿಕೊಂಡವು. ಇಬ್ಬರೂ ತಮ್ಮದೇ ಕಷ್ಟ ದೊಡ್ಡದೆಂದು ಸೋಲೊಪ್ಪದೆ ವಾದಿಸಿದರು. ಕೊನೆಗೆ ಗುಮಾಸ್ತರು ಜೇಬಿನಿಂದ ಎರಡು ಹೋಳು ರಾಶಿ ತೆಗೆದು ಕೊಟ್ಟರು. ತಿಪಟೂರಿನವರು ಒಂದನ್ನು ಹಲ್ಲಿಗೆ ಇಟ್ಟು, ಇನ್ನೊಂದನ್ನು ಬೆಳಕಿಗೆ ಹಿಡಿದು ನೋಡಿ, 'ಬಣ್ಣ ಚೆನ್ನಾಗಿ ಕಟ್ಟಿದೀರಿ' ಎಂದರು. ಅದು ಹೊಗಳಿಕೆಯೋ ಚುಚ್ಚೋ ಎಂದು ಗುಮಾಸ್ತರು ಗುಬ್ಬಿಯವರೆಗೂ ಯೋಚಿಸುತ್ತಿದ್ದಂತಿತ್ತು.

ಗುಬ್ಬಿಯಲ್ಲಿ ಗಾಡಿ ನಿಲ್ಲುವುದಿಲ್ಲ, ಹಳದಿ ಫಲಕ ಒಮ್ಮೆ ಮಿಂಚಿ ಹೋಗುತ್ತದೆ. ಬೆಂಗಳೂರಿನಿಂದ ಹೊರಟ ಹಳಿ ತುಮಕೂರು ದಾಟಿ ಇಲ್ಲಿಯವರೆಗೆ ಬಂದದ್ದು 1884ರಲ್ಲಿ. ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದೂ ಅದೇ 1884ರಲ್ಲಿ, ಇದೇ ಊರಿನಲ್ಲಿ. ಒಂದಕ್ಕೊಂದು ಸಂಬಂಧ ಕಟ್ಟುವ ಆಸೆ ನನಗಿದೆ, ಆಧಾರವಿಲ್ಲ. ಆದರೆ ಪರದೆ, ಪೆಟ್ಟಿಗೆ, ರಾಜನ ಕಿರೀಟ, ನಟರ ಸಂಸಾರ ಸಮೇತ ಊರೂರು ಸುತ್ತುವ ಕಂಪನಿಗೆ ಮನೆ ಬಾಗಿಲಲ್ಲೇ ರೈಲು ಇದ್ದದ್ದು ಕೆಟ್ಟದ್ದೇನೂ ಮಾಡಿರಲಾರದು.

ಈ ನಡುವೆ ಕಿಟಕಿ ಬದಿಯವರು ಕೈಚೀಲದಿಂದ ಫೈಲು ತೆಗೆದಿದ್ದರು. ಹಸಿರು ಟೇಪಿನಿಂದ ಕಟ್ಟಿದ ಹಳೆಯ ರಟ್ಟಿನ ಫೈಲು. ಒಂದೊಂದೇ ಹಾಳೆ ತಿರುಗಿಸಿ, ಓದದೆಯೇ, ಇದೆಯೇ ಎಂದಷ್ಟೇ ನೋಡಿ ಹಿಂದಕ್ಕಿಡುತ್ತಿದ್ದರು. ಮೇಲ್ಭಾಗದಲ್ಲಿ ಹೊಸ ಜೆರಾಕ್ಸು, ಅದರ ಕೆಳಗೆ ಟೈಪು ಮಾಡಿದ ಅರ್ಜಿಗಳು, ತಳದಲ್ಲಿ ಮಡಿಕೆಯ ಗೆರೆಗೆ ಸೆಲ್ಲೋಟೇಪು ಹಚ್ಚಿದ, ಚಹಾದ ಬಣ್ಣಕ್ಕೆ ತಿರುಗಿದ ಒಂದು ಕಾಗದ. ಅದರ ಅಂಚು ಒಂದು ಕಡೆ ಹುಳ ತಿಂದು ದಂತುರವಾಗಿದೆ. ಅದನ್ನು ಮಾತ್ರ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿದ್ದರು. ನಾನು ನೋಡುತ್ತಿರುವುದು ನೋಡಿ ಅವರೇ ಹೇಳಿದರು:

'ನಮ್ಮಪ್ಪನ ಹೆಸರಿಗೆ ಕೊಟ್ಟಿದ್ದು. ಲಿಂಗನಮಕ್ಕಿ ನೀರು ನಿಂತಾಗ.'

ಆಯನೂರು ಕಡೆಯ ಹಳ್ಳಿಯವರು. ಅದು ಈಗಿನ ಊರು. ಮೊದಲ ಊರು ಶರಾವತಿ ಹಿನ್ನೀರಿನ ತಳದಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಇವರಿಗೆ ಮೂರೋ ನಾಲ್ಕೋ ವರ್ಷ. 'ಲಾರೀಲಿ ತಂದು ಕಾಡಿನ ನಡುವೆ ಇಳಿಸಿದ್ರು. ಅಮ್ಮ ಹೇಳ್ತಿದ್ಲು, ನಾನು ಲಾರೀಲಿ ಹೋಗ್ತೀನಿ ಅಂತ ಖುಷಿಯಾಗಿದ್ನಂತೆ.' ಕಾಡು ಕಡಿದು ಗದ್ದೆ ಮಾಡಿದರು. ಮಾಡಿದ ಗದ್ದೆ ಕಾಗದದಲ್ಲಿ ಇಂದಿಗೂ ಕಾಡೇ. ಪಹಣಿಯಲ್ಲಿ ಹೆಸರಿಲ್ಲ. ಹೆಸರಿಲ್ಲದ ಮೇಲೆ ಸಾಲವಿಲ್ಲ, ಪರಿಹಾರವಿಲ್ಲ, ಅಣ್ಣತಮ್ಮಂದಿರಿಗೆ ಪಾಲಿಲ್ಲ. ಜಿಲ್ಲೆಯಲ್ಲಿ ಇಂಥ ಸಾವಿರಾರು ಸಂಸಾರಗಳಿವೆ. ಅವರ ಮೆರವಣಿಗೆ, ಧರಣಿ, ಸಭೆ ಶಿವಮೊಗ್ಗದವರಿಗೆ ಹೊಸದಲ್ಲ. ಕಚೇರಿಯಿಂದ ಕಚೇರಿಗೆ ಏರಿದ ಫೈಲು ಕೊನೆಗೆ ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ಹೋಗಿ ಕೂರುತ್ತದೆ. ಕೋರ್ಟಿಗೆ ಹೋದರೂ ಬೆಂಗಳೂರೇ. ಪಕ್ಕದ ಸಿದ್ದಾಪುರದವರಿಗೆ ಧಾರವಾಡ ಪೀಠ, ನಮಗೆ ಇದೇ ಗಾಡಿ.

'ಕರೆಂಟು ಬೆಂಗಳೂರಿಗೆ ಹೋಯ್ತು. ಆಮೇಲೆ ನೀರೂ ಹೋಗುತ್ತೆ ಅಂದ್ರು' ಎಂದರು. 2019ರಲ್ಲಿ ಶರಾವತಿಯ ನೀರನ್ನು ರಾಜಧಾನಿಗೆ ಒಯ್ಯುವ ಮಾತು ಬಂದಾಗ ಇಡೀ ಜಿಲ್ಲೆ ಅಂಗಡಿ ಮುಚ್ಚಿ ಬೀದಿಗಿಳಿದಿತ್ತು. ಇವರೂ ಬಂದಿದ್ದರಂತೆ. 'ಮುಳುಗಿದವರು ನಾವು, ನೀರಿನ ಬಗ್ಗೆ ನಮ್ಮನ್ನೇ ಕೇಳ್ಬೇಕಲ್ವಾ?' ಫೈಲಿನ ಟೇಪು ಬಿಗಿದು, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ ಚೀಲಕ್ಕಿಟ್ಟರು. ಎದುರಿನ ತಾಯಿ ತಮ್ಮ ಎಕ್ಸ್‌ರೇ ಕವರನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.

ತುಮಕೂರಿನಲ್ಲಿ ಗಾಡಿಯ ಜಾಯಮಾನವೇ ಬದಲು. ಇಲ್ಲಿ ಹತ್ತುವವರಿಗೆ ಇದು ಪ್ರಯಾಣವಲ್ಲ, ಆಫೀಸಿನ ಮೊದಲ ಗಂಟೆ. ಕುತ್ತಿಗೆಗೆ ಐಡಿ ಕಾರ್ಡು, ಬೆನ್ನಿಗೆ ಲ್ಯಾಪ್‌ಟಾಪು, ಕಿವಿಗೆ ವೈರು. ರಿಸರ್ವೇಶನ್ ಇದೆಯೇ ಎಂದು ಯಾರಾದರೂ ಕೇಳಿದರೆ, 'ಯಶವಂತಪುರದವರೆಗೆ ಅಷ್ಟೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ಮೂರು ಜನದ ಸೀಟಿಗೆ ನಾಲ್ಕನೆಯವರು ಅಂಚಿನಲ್ಲಿ ಸೇರಿಕೊಂಡರು. ನೆಲ್ಲಿ ಟೊಂಗೆಯ ಅಮ್ಮ ಗೊಣಗಲು ಬಾಯಿ ತೆರೆದರು, ಕೂತದ್ದು ಅವರ ಮಗಳ ವಯಸ್ಸಿನ ಹುಡುಗಿ ಎಂದು ಕಂಡು, 'ತಿಂಡಿ ತಿಂದ್ಯೇನಮ್ಮಾ?' ಎಂದು ಕೇಳಿದರು. ಹುಡುಗಿ ಕಿವಿಯಿಂದ ವೈರು ತೆಗೆದು, 'ಆಫೀಸಲ್ಲಿ ಆಂಟಿ' ಎಂದಳು. ಅವಳಿಗೆ ಎರಡು ಕೋಡುಬಳೆ ಸಿಕ್ಕವು.

ಕ್ಯಾತ್ಸಂದ್ರದಲ್ಲಿ ಸಿದ್ಧಗಂಗಾ ಮಠದ ಬೆಟ್ಟದ ಕಡೆಗೆ ಹಲವರ ಕೈ ಎದೆಗೆ ಬಂತು. ಆ ಮಠದಲ್ಲಿ ಉಂಡು ಓದಿದವರು ಈ ಬೋಗಿಯಲ್ಲೂ ಇರಲೇಬೇಕು, ನಾಡಿನ ಯಾವ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ. ಅಲ್ಲಿಯ ಶಿವಕುಮಾರ ಸ್ವಾಮಿಗಳು 111ನೆಯ ವಯಸ್ಸಿನಲ್ಲಿ 2019ರ ಜನವರಿಯಲ್ಲಿ ಹೋದಾಗ ಈ ಹಳಿಯ ಮೇಲಿನ ಗಾಡಿಗಳೆಲ್ಲ ತುಂಬಿ ಬಂದಿದ್ದವು. ಆಮೇಲೆ ನಿಡವಂದದ ಹತ್ತಿರ ಶಿವಗಂಗೆ. ಒಂದೊಂದು ದಿಕ್ಕಿನಿಂದ ಒಂದೊಂದು ಆಕಾರಕ್ಕೆ ಕಾಣುತ್ತದೆ ಎನ್ನುವ ಬೆಟ್ಟ. ರೈಲು ತಿರುಗಿದಂತೆ ಅದೂ ತಿರುಗಿತು. ನಮ್ಮಲ್ಲಿ ಒಬ್ಬರಿಗೆ ನಂದಿ ಕಂಡಿತು, ಇನ್ನೊಬ್ಬರಿಗೆ ಬರೀ ಬಂಡೆ. ಐಡಿ ಕಾರ್ಡಿನವರು ಯಾರೂ ತಲೆಯೆತ್ತಲಿಲ್ಲ. ದಿನಾ ನೋಡುವ ಬೆಟ್ಟ ಅಲ್ಲೇ ಇರುತ್ತದೆ ಎಂಬ ಧೈರ್ಯ.

ಸೋಲದೇವನಹಳ್ಳಿ, ಚಿಕ್ಕಬಾಣಾವರ. ಹೊಲದ ನಡುವೆ ಒಂದು ಲೇಔಟು, ಲೇಔಟಿನ ನಡುವೆ ಒಂದು ಹೊಲ, ಆಮೇಲೆ ಹೊಲವಿಲ್ಲ. ಬಟ್ಟೆ ಒಣಹಾಕಿದ ಬಾಲ್ಕನಿಗಳು ಹಳಿಯ ಹತ್ತಿರಕ್ಕೆ ಬಂದವು. ಬೋಗಿಯಲ್ಲಿ ಒಂದು ಚುರುಕು ಮೂಡಿತು. ಹುಡುಗರು ನಿಂತು ಅಂಗಿ ಸರಿಮಾಡಿಕೊಂಡ ಮೇಲೆ ನೋಡಿದರೆ ಬೆನ್ನಿನ ಇಸ್ತ್ರಿ ಹಾಗೆಯೇ ಇತ್ತು. ಯಶವಂತಪುರಕ್ಕೆ ಅರ್ಧ ಗಾಡಿ ಖಾಲಿ. ಪೀಣ್ಯದವರು, ಎಪಿಎಂಸಿಯವರು, ರಿಂಗ್ ರೋಡಿನ ಕಂಪನಿಗಳವರು, ಮೆಟ್ರೋ ಹಿಡಿಯುವವರು ಎಲ್ಲ ಅಲ್ಲೇ. ಗುಮಾಸ್ತರು ತಿಪಟೂರಿನವರ ನಂಬರು ಬರೆದುಕೊಂಡು ಇಳಿದರು.

ಉಳಿದ ನಾವು ಮಲ್ಲೇಶ್ವರ ದಾಟಿ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ. ಇಳಿದ ಕ್ಷಣದಿಂದಲೇ ಎಲ್ಲರ ನಡಿಗೆ ಎರಡು ಪಟ್ಟು. ಹತ್ತಾಗುತ್ತಿದೆ, ಐದೂವರೆಗೆ ಇಲ್ಲೇ ಮರಳಿ ನಿಂತಿರಬೇಕು. ಜಯದೇವಕ್ಕೆ ಹೋಗುವ ತಾಯಿ ಮಗ ದಾರಿ ಕೇಳಿದರು. ಹಸಿರು ಲೈನಿನಲ್ಲಿ ಆರ್.ವಿ. ರೋಡಿಗೆ ಹೋಗಿ ಅಲ್ಲಿಂದ ಹಳದಿ ಲೈನು ಎಂದು ಮೂವರು ಒಟ್ಟಿಗೇ ಹೇಳಿದರು. ಮೂವರೂ ಶಿವಮೊಗ್ಗದವರೇ. ಊರಿನಲ್ಲಿ ಹೊಸ ಬಡಾವಣೆಯ ಕ್ರಾಸು ತಿಳಿಯದವರಿಗೂ ಬೆಂಗಳೂರಿನ ಆಸ್ಪತ್ರೆಯ ದಾರಿ ಬಾಯಿಪಾಠ. ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವೂ ಇದೆ, ಚೆಂದಾಗಿಯೇ ಇದೆ. ಎಕ್ಸ್‌ರೇ ಕವರು ಹಿಡಿದವರು ಅದರಲ್ಲಿ ಹತ್ತುವುದನ್ನು ನಾನು ಕಂಡಿಲ್ಲ.

ಪಂಚೆಯ ಯಜಮಾನರು ಮಾತ್ರ ಅವಸರ ಮಾಡಲಿಲ್ಲ. ನಲ್ಲಿಯಲ್ಲಿ ಮುಖ ತೊಳೆದು, ಸ್ವೆಟರು ತೆಗೆದು ಮಡಿಚಿ ಫೈಲಿನ ಮೇಲಿಟ್ಟುಕೊಂಡರು. ಅವರು ವಿಧಾನಸೌಧದ ಮೆಟ್ರೋ ನಿಲ್ದಾಣದಲ್ಲಿ ಇಳಿಯಬೇಕು, ನನ್ನದೂ ಅದೇ ದಾರಿ. ಎಸ್ಕಲೇಟರಿನ ಹತ್ತಿರ ಕೇಳಿದೆ, 'ಇವತ್ತಾದ್ರೂ ಕೆಲಸ ಆಗುತ್ತಾ ಯಜಮಾನ್ರೇ?'

'ಹೋದ ಸಲಾನೂ ಹಿಂಗೇ ಬಂದಿದ್ದೆ' ಎಂದರು. 'ಮೊದ್ಲೆಲ್ಲ, ಎಲ್ಲಿಂದ ಬಂದಿದೀರಿ ಅಂತ ಕೇಳೋರು. ಶಿವಮೊಗ್ಗ ಅಂದ್ರೆ, ಪಾಪ, ರಾತ್ರಿಯೆಲ್ಲ ಕೂತು ಬಂದಿದಾರೆ ಅಂತ ಸಂಜೆಯೊಳಗೆ ಒಂದು ಸೀಲಾದ್ರೂ ಒತ್ತಿ ಕಳಿಸೋರು. ಈಗ ಶಿವಮೊಗ್ಗ ಅಂದ್ರೆ ಏನಂತಾರೆ ಗೊತ್ತಾ? ಅದಕ್ಕೇನ್ರೀ, ಬೆಳಿಗ್ಗೆ ಜನಶತಾಬ್ದಿ ಇದೆಯಲ್ಲ, ನಾಳೆ ಬನ್ನಿ ಅಂತಾರೆ.'